ಅಂಕಿಗಳಿಗೆ ಸೂತ್ರ ಹೊಂದಿಸುವ ಮುಕ್ತ ತಂತ್ರಾಂಶಗಳು: ಸಣ್ಣ ಉದ್ಯಮಕ್ಕೆ ಏನು ಉಪಯೋಗ?

ವಾಣಿಜ್ಯ ಪದವಿ ಪಡೆದವರೆಲ್ಲರೂ ವೆಚ್ಚ ಲೆಕ್ಕಶಾಸ್ತ್ರದ ಪತ್ರಿಕೆಯಲ್ಲಿ ಒಂದು ಲೆಕ್ಕವನ್ನು ಬಿಡಿಸಿಯೇ ಇರುತ್ತಾರೆ. ಕಾರ್ಖಾನೆಯೊಂದರ ತಿಂಗಳುವಾರು ಉತ್ಪಾದನೆಯನ್ನೂ ವಿದ್ಯುತ್ ಬಿಲ್ಲಿನ ಮೊತ್ತವನ್ನೂ ಕೊಟ್ಟು, ಅದರಲ್ಲಿ ಸ್ಥಿರ ವೆಚ್ಚವೆಷ್ಟು, ಟನ್ನಿಗೆ ತಗಲುವ ಚರ ವೆಚ್ಚವೆಷ್ಟು ಎಂದು ಬೇರ್ಪಡಿಸಲು ಕೇಳುವ ಲೆಕ್ಕ ಅದು. ಉತ್ಪಾದನೆ 40, 50, 60, 70, 80 ಟನ್ನುಗಳಾಗಿದ್ದ ಐದು ತಿಂಗಳುಗಳಲ್ಲಿ ಬಿಲ್ಲು ಕ್ರಮವಾಗಿ ರೂ. 1,30,000, 1,46,000, 1,70,000, 1,86,000 ಮತ್ತು 2,08,000 ಬಂದಿದೆ ಎಂದುಕೊಳ್ಳೋಣ. ಅತಿ ಹೆಚ್ಚು ಮತ್ತು ಅತಿ ಕಡಿಮೆ ತಿಂಗಳುಗಳನ್ನು ಮಾತ್ರ ಹಿಡಿದರೆ ಟನ್ನಿಗೆ ರೂ. 1,950, ಸ್ಥಿರ ವೆಚ್ಚ ರೂ. 52,000 ಎಂದು ಉತ್ತರ ಬರುತ್ತದೆ. ಐದೂ ತಿಂಗಳುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕನಿಷ್ಠ ವರ್ಗ ವಿಧಾನದಲ್ಲಿ ಟನ್ನಿಗೆ ರೂ. 1,960, ಸ್ಥಿರ ವೆಚ್ಚ ರೂ. 50,400. ಪರೀಕ್ಷೆ ಮುಗಿದ ಮರುದಿನವೇ ಬಹುತೇಕರು ಮರೆತುಬಿಡುವ ಈ ಎರಡನೆಯ ವಿಧಾನವೇ ಇಂದು ಔಷಧ ತಯಾರಿಕೆಯಿಂದ ಖಗೋಳ ವಿಜ್ಞಾನದವರೆಗೆ ಅನೇಕ ಮಾಪನಗಳ ಹಿಂದೆ ನಿಂತಿದೆ. ಇದನ್ನು ಮಾಡಿಕೊಡುವ ಉತ್ತಮ ದರ್ಜೆಯ ತಂತ್ರಾಂಶಗಳು ಒಂದು ಪೈಸೆಯ ಪರವಾನಗಿ ಶುಲ್ಕವಿಲ್ಲದೆ ದೊರೆಯುತ್ತವೆ ಎಂಬುದು ನಮ್ಮ ವರ್ತಕ ಮತ್ತು ಸಣ್ಣ ಕೈಗಾರಿಕಾ ವಲಯದಲ್ಲಿ ಇನ್ನೂ ಸಾಕಷ್ಟು ಪ್ರಚಾರ ಪಡೆದಿಲ್ಲ.

ಕಾರ್ಯ ಸರಳವಾದದ್ದು. ಅಳೆದ ಅಂಕಿಗಳಿವೆ, ಅವು ಇಂಥ ನಿಯಮವನ್ನು ಅನುಸರಿಸುತ್ತವೆ ಎಂಬ ಊಹೆಯೊಂದು ಸೂತ್ರರೂಪದಲ್ಲಿದೆ, ಸೂತ್ರದಲ್ಲಿ ಬೆಲೆ ಗೊತ್ತಿಲ್ಲದ ಎರಡೋ ಮೂರೋ ಸ್ಥಿರಾಂಕಗಳಿವೆ. ಸೂತ್ರ ಹೇಳುವ ಬೆಲೆಗೂ ಅಳೆದ ಬೆಲೆಗೂ ಇರುವ ವ್ಯತ್ಯಾಸಗಳನ್ನು ವರ್ಗ ಮಾಡಿ ಕೂಡಿದಾಗ ಬರುವ ಮೊತ್ತವು ಅತ್ಯಂತ ಕಡಿಮೆಯಾಗುವಂತೆ ಆ ಸ್ಥಿರಾಂಕಗಳನ್ನು ಕಂಡುಹಿಡಿಯಬೇಕು.

ಆಕಾಶದಿಂದ ಕಾರ್ಖಾನೆಗೆ

ಈ ವಿಧಾನದ ಹುಟ್ಟು ಆಕಾಶದಲ್ಲಿ. 1801ರ ಜನವರಿ 1ರಂದು ಇಟಲಿಯ ಪಲೆರ್ಮೋದಲ್ಲಿ ಜುಸೆಪ್ಪೆ ಪಿಯಾಜಿ ಎಂಬ ಖಗೋಳಜ್ಞ ಸೀರಿಸ್ ಎಂಬ ಕಿರುಗ್ರಹವನ್ನು ಕಂಡನು. ಸುಮಾರು ಆರು ವಾರ ಅದನ್ನು ಗಮನಿಸುವಷ್ಟರಲ್ಲಿ ಅದು ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. ಇದ್ದ ಕೆಲವೇ ಅಳತೆಗಳಿಂದ ಅದರ ಪಥವನ್ನು ಲೆಕ್ಕಹಾಕಿ, ಮತ್ತೆ ಎಲ್ಲಿ ಕಾಣಿಸೀತೆಂದು ತಿಳಿಸಿದವನು 24 ವರ್ಷದ ಜರ್ಮನ್ ಗಣಿತಜ್ಞ ಕಾರ್ಲ್ ಫ್ರೀಡ್ರಿಕ್ ಗೌಸ್. ವರ್ಷಾಂತ್ಯದಲ್ಲಿ ಅದು ಅವನು ಹೇಳಿದ ಜಾಗದ ಸಮೀಪದಲ್ಲಿಯೇ ಸಿಕ್ಕಿತು. ಆದರೆ ಕನಿಷ್ಠ ವರ್ಗ ವಿಧಾನವನ್ನು ಮೊದಲು ಮುದ್ರಿಸಿ ಪ್ರಕಟಿಸಿದ್ದು ಫ್ರಾನ್ಸಿನ ಲೆಜಾಂಡ್ರ್, 1805ರಲ್ಲಿ. ಗೌಸ್ 1809ರಲ್ಲಿ ಪ್ರಕಟಿಸುತ್ತ, ತಾನು ಇದನ್ನು 1795ರಿಂದಲೇ ಬಳಸುತ್ತಿದ್ದೆನೆಂದು ಹೇಳಿಕೊಂಡದ್ದು ಇಬ್ಬರ ನಡುವೆ ಕಹಿಗೆ ಕಾರಣವಾಯಿತು. ದಾಖಲೆಯಿಲ್ಲದ ಹಕ್ಕುಸಾಧನೆಯ ಫಜೀತಿ ವ್ಯಾಪಾರಸ್ಥರಿಗೆ ಹೊಸದೇನಲ್ಲ.

ಮೇಲಿನ ವಿದ್ಯುತ್ ಬಿಲ್ಲಿನಂತೆ ನೇರ ಗೆರೆಯಾದರೆ ಕಾಗದದ ಮೇಲೆಯೇ ಉತ್ತರ ಸಿಗುತ್ತದೆ. ವಕ್ರರೇಖೆಯಾದರೆ ಹಾಗಲ್ಲ. ಒಂದು ಅಂದಾಜಿನಿಂದ ಹೊರಟು, ಹೆಜ್ಜೆ ಹೆಜ್ಜೆಯಾಗಿ ತಿದ್ದುತ್ತ ಹೋಗಬೇಕು. ಹೆಜ್ಜೆ ದೊಡ್ಡದಾದರೆ ಗುರಿ ತಪ್ಪುತ್ತದೆ, ಚಿಕ್ಕದಾದರೆ ದಾರಿ ಸಾಗದು. ಹೆಜ್ಜೆಯ ಅಳತೆಯನ್ನು ಸಂದರ್ಭ ನೋಡಿ ಹಿಗ್ಗಿಸುವ, ಕುಗ್ಗಿಸುವ ಉಪಾಯವನ್ನು 1944ರಲ್ಲಿ ಅಮೆರಿಕದ ಫ್ರಾಂಕ್‌ಫರ್ಡ್ ಶಸ್ತ್ರಾಗಾರದಲ್ಲಿದ್ದ ಕೆನೆತ್ ಲೆವೆನ್‌ಬರ್ಗ್ ಸೂಚಿಸಿದನು. ಅದನ್ನೇ ಸ್ವತಂತ್ರವಾಗಿ ಕಂಡುಕೊಂಡು 1963ರಲ್ಲಿ ಪ್ರಕಟಿಸಿದವನು ಡೊನಾಲ್ಡ್ ಮಾರ್ಕ್ವಾರ್ಟ್. ಇವನು ವಿಶ್ವವಿದ್ಯಾನಿಲಯದವನಲ್ಲ, ಡ್ಯುಪಾಂಟ್ ಎಂಬ ರಾಸಾಯನಿಕ ಕಂಪನಿಯ ನೌಕರ. ರಾಸಾಯನಿಕ ಕಾರ್ಖಾನೆಯ ಅಗತ್ಯವೇ ಈ ಶೋಧಕ್ಕೆ ಪ್ರೇರಣೆ. ಅವನು ಬರೆದ ಗಣಕ ಕ್ರಮವಿಧಿಯು ಐಬಿಎಂ ಯಂತ್ರಗಳ ಬಳಕೆದಾರರ 'ಶೇರ್' ಎಂಬ ಸಂಘದ ಭಂಡಾರದ ಮೂಲಕ ಇತರರಿಗೂ ಲಭ್ಯವಾಯಿತು. 'ಮುಕ್ತ ತಂತ್ರಾಂಶ' ಎಂಬ ಹೆಸರು ಹುಟ್ಟುವ ಮೊದಲೇ ಉದ್ಯಮಗಳು ಇಂಥ ಸಾಧನಗಳನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದವು ಎಂಬುದು ಗಮನಾರ್ಹ.

1980ರಲ್ಲಿ ಅಮೆರಿಕದ ಅರ್ಗಾನ್ ರಾಷ್ಟ್ರೀಯ ಪ್ರಯೋಗಾಲಯವು ಈ ವಿಧಾನವನ್ನು ಎಚ್ಚರಿಕೆಯಿಂದ ಫೋರ್‌ಟ್ರಾನ್ ಭಾಷೆಯಲ್ಲಿ ಬರೆದು, 'ಮಿನ್‌ಪ್ಯಾಕ್' ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು. ಇಂದಿನ ಅನೇಕ ಸಾಧನಗಳ ಹೊಟ್ಟೆಯೊಳಗಿರುವುದು ಇದೇ. 2001ರಲ್ಲಿ ಆರಂಭವಾದ 'ಸೈಪೈ' ಪೈಥಾನ್ ಭಾಷೆಯ ವೈಜ್ಞಾನಿಕ ಭಂಡಾರ. ಅದರ 'ಕರ್ವ್ ಫಿಟ್' ಎಂಬ ಆದೇಶವು, ಸ್ಥಿರಾಂಕಗಳಿಗೆ ಎಲ್ಲೆಗಳನ್ನು ಹೇಳದಿದ್ದಾಗ, ಮಿನ್‌ಪ್ಯಾಕ್‌ನ ವಿಧಾನವನ್ನೇ ಅನುಸರಿಸುತ್ತದೆ. ಯಾವ ಸ್ಥಿರಾಂಕ ಬದಲಾಗಬೇಕು, ಯಾವುದು ನಿಶ್ಚಲವಾಗಿರಬೇಕು, ಯಾವುದರ ಮಿತಿ ಎಷ್ಟು ಎಂಬುದನ್ನು ಹೆಸರಿಟ್ಟು ನಮೂದಿಸಲು ಅನುಕೂಲ ಕಲ್ಪಿಸುವ 'ಎಲ್‌ಎಂಫಿಟ್' ಇದರ ಮೇಲೆ ಕಟ್ಟಿದ ಮತ್ತೊಂದು ಮಹಡಿ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ರೂಪಿಸಿದ 'ಆರ್' ಎಂಬ ಸಂಖ್ಯಾಶಾಸ್ತ್ರೀಯ ಭಾಷೆಯು 1995ರಲ್ಲಿ ಮುಕ್ತ ಪರವಾನಗಿಗೆ ಬಂದು, 2000ದ ಫೆಬ್ರವರಿ 29ರಂದು ಅದರ ಮೊದಲ ಪೂರ್ಣ ಆವೃತ್ತಿ ಹೊರಬಂದಿತು. ಚಿತ್ರ ಬಿಡಿಸುವುದಕ್ಕೆಂದು 1986ರಲ್ಲಿ ಹುಟ್ಟಿದ 'ಗ್ನೂಪ್ಲಾಟ್' ಕೂಡ 'ಫಿಟ್' ಎಂಬ ಒಂದೇ ಆದೇಶದಲ್ಲಿ ಈ ಕೆಲಸ ಮಾಡುತ್ತದೆ. ಯೂರೋಪಿನ ಸೆರ್ನ್ ಸಂಸ್ಥೆಯ ಕಣ ವಿಜ್ಞಾನಿಗಳು ಬಳಸುವ 'ರೂಟ್' ಸಹ ಮುಕ್ತ ತಂತ್ರಾಂಶವೇ. ಆದರೆ ಸಣ್ಣ ಕಾರ್ಖಾನೆಗೆ ಅದು ಗುಬ್ಬಿಯ ಮೇಲಿನ ಬ್ರಹ್ಮಾಸ್ತ್ರ.

ಒಣಗಿಸುವವನ ಲೆಕ್ಕ

ಇದರಿಂದ ನಮ್ಮ ಉದ್ಯಮಿಗೆ ಏನಾಗಬೇಕು ಎಂಬ ಪ್ರಶ್ನೆ ಸಹಜ. ಮೆಣಸಿನಕಾಯಿ, ಕಾಫಿ, ಕೊಬ್ಬರಿ, ಏಲಕ್ಕಿ, ಒಣದ್ರಾಕ್ಷಿ ಇವುಗಳ ವ್ಯವಹಾರ ಮಾಡುವವರಿಗೆ ತೇವಾಂಶವೇ ಹಣ. ಹೆಚ್ಚು ಉಳಿದರೆ ಬೂಷ್ಟು ಹಿಡಿಯುತ್ತದೆ, ಮಾಲು ತಿರಸ್ಕೃತವಾಗುತ್ತದೆ; ಹೆಚ್ಚು ಒಣಗಿಸಿದರೆ ತೂಕ ಹೋಗುತ್ತದೆ, ಇಂಧನವೂ ವ್ಯರ್ಥ. ಯಂತ್ರದಲ್ಲಿ ಒಣಗಿಸುವವರು ಎಷ್ಟು ತಾಸು ಬಿಸಿಗಾಳಿ ಬಿಡಬೇಕೆಂಬುದನ್ನು ಅನುಭವದಿಂದ ತೀರ್ಮಾನಿಸುತ್ತಾರೆ. ಅನುಭವ ತಪ್ಪೆಂದಲ್ಲ, ಹೊಸ ಯಂತ್ರ ಬಂದಾಗ, ಹೊಸ ಮಾಲು ಬಂದಾಗ ಅದಕ್ಕೆ ಆಧಾರವಿರುವುದಿಲ್ಲ.

ಒಣಗುವಿಕೆಗೆ ಸೂತ್ರಗಳಿವೆ. ಅಮೆರಿಕದ ರಾಸಾಯನಿಕ ತಂತ್ರಜ್ಞ ಲೂಯಿಸ್ 1921ರಲ್ಲಿ ಪ್ರತಿಪಾದಿಸಿದಂತೆ, ಇನ್ನೂ ಹೋಗಬೇಕಾಗಿರುವ ನೀರು ಎಷ್ಟಿದೆಯೋ ಅದಕ್ಕೆ ಅನುಪಾತದಲ್ಲಿ ಒಣಗುವ ವೇಗವಿರುತ್ತದೆ. ಇಳಿಕೆಯ ಮೌಲ್ಯ ಪದ್ಧತಿಯ ಸವಕಳಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಪ್ರತಿ ತಾಸೂ ಉಳಿದ ಬಾಕಿಯ ಇಂತಿಷ್ಟು ಪಾಲು ಹೋಗುತ್ತದೆ. ಪೇಜ್ ಎಂಬುವನು 1949ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಮೆಕ್ಕೆಜೋಳವನ್ನು ಒಣಗಿಸಿ ನೋಡಿ, ಕಾಲಕ್ಕೆ ಒಂದು ಘಾತಾಂಕವನ್ನು ಸೇರಿಸಿ ಈ ಸೂತ್ರವನ್ನು ತಿದ್ದಿದನು. ಘಾತಾಂಕ ಒಂದಕ್ಕಿಂತ ಕಡಿಮೆಯಾದರೆ ಆರಂಭದಲ್ಲಿ ಬೇಗ ಒಣಗಿ, ಕೊನೆಯಲ್ಲಿ ನಿಧಾನವಾಗುತ್ತದೆ ಎಂದರ್ಥ.

ಕೇವಲ ಉದಾಹರಣೆಗಾಗಿ, ಹೋಗಬೇಕಾದ ಒಟ್ಟು ತೇವಾಂಶವನ್ನು 1 ಎಂದು ಇಟ್ಟುಕೊಂಡು, ತಾಸಿಗೆ 0.15 ಎಂಬ ಸ್ಥಿರಾಂಕದೊಡನೆ ಲೂಯಿಸನ ಸೂತ್ರವನ್ನು ಅನ್ವಯಿಸೋಣ. ಆರು ತಾಸಿಗೆ 0.41, ಹತ್ತು ತಾಸಿಗೆ 0.22 ಉಳಿಯುತ್ತದೆ. ಘಾತಾಂಕ 0.85, ಸ್ಥಿರಾಂಕ 0.196 ಇರುವ ಪೇಜನ ಸೂತ್ರದಲ್ಲಿ ಆರು ತಾಸಿಗೆ ಅದೇ 0.41, ಹತ್ತು ತಾಸಿಗೆ 0.25. ಮೊದಲ ಹತ್ತು ತಾಸುಗಳಲ್ಲಿ ಎರಡೂ ರೇಖೆಗಳ ನಡುವಿನ ಅಂತರ ನೂರಕ್ಕೆ ಸುಮಾರು 4ನ್ನು ಮೀರುವುದಿಲ್ಲ. ತೂಕದ ಯಂತ್ರದ ದೋಷ, ಮಾದರಿ ತೆಗೆಯುವಾಗಿನ ವ್ಯತ್ಯಾಸ ಇವುಗಳ ನಡುವೆ ಯಾವುದು ಸರಿಯೆಂದು ಕಣ್ಣಂದಾಜಿನಲ್ಲಿ ಹೇಳಲಾಗದು. ಆದರೆ ಉಳಿದ ತೇವಾಂಶ 0.05ಕ್ಕೆ ಇಳಿಯಲು ಎಷ್ಟು ತಾಸು ಬೇಕೆಂದು ಕೇಳಿದರೆ ಮೊದಲನೆಯದು 20 ತಾಸು ಎನ್ನುತ್ತದೆ, ಎರಡನೆಯದು 24 ತಾಸು 40 ನಿಮಿಷದ ಆಸುಪಾಸು ಎನ್ನುತ್ತದೆ. ಪ್ರತಿ ಒಬ್ಬೆಗೂ ಸುಮಾರು ನಾಲ್ಕೂವರೆ ತಾಸಿನ ಸೌದೆ ಅಥವಾ ವಿದ್ಯುತ್ತು, ಇಲ್ಲವೇ ಅಷ್ಟು ಮುಂಚಿತವಾಗಿ ಹೊರತೆಗೆದ ಹಸಿ ಮಾಲು! ಹತ್ತು ತಾಸಿಗೆ ಅಳತೆ ನಿಲ್ಲಿಸಿ ಮುಂದಿನದನ್ನು ಸೂತ್ರದಿಂದ ಊಹಿಸುವುದು ಎಷ್ಟು ಅಪಾಯಕಾರಿ ಎಂಬುದು ಇದರಿಂದ ಸ್ಪಷ್ಟ. ತಂತ್ರಾಂಶವು ಎರಡೂ ಸೂತ್ರಗಳನ್ನು ನಿಮಿಷಾರ್ಧದಲ್ಲಿ ಹೊಂದಿಸಿಕೊಡುತ್ತದೆ. ಇನ್ನೂ ಎರಡು ಅಳತೆಗಳನ್ನು ಹದಿನೈದು ಮತ್ತು ಇಪ್ಪತ್ತನೆಯ ತಾಸಿಗೆ ತೆಗೆಯಬೇಕೆಂಬ ವಿವೇಕ ಮಾತ್ರ ಉದ್ಯಮಿಯದು.

ಒಂದು ತಪ್ಪು ಬಿಲ್ಲು

ಮತ್ತೆ ಮೊದಲಿನ ವಿದ್ಯುತ್ ಲೆಕ್ಕಕ್ಕೆ ಬರೋಣ. 80 ಟನ್ ಉತ್ಪಾದನೆಯ ತಿಂಗಳಿನ ಬಿಲ್ಲಿನಲ್ಲಿ ಹಿಂದಿನ ಬಾಕಿ ರೂ. 20,000 ಸೇರಿತ್ತು, ಗುಮಾಸ್ತ ಅದನ್ನು ಗಮನಿಸದೆ ರೂ. 2,28,000 ಎಂದೇ ನಮೂದಿಸಿದ ಎನ್ನೋಣ. ಆಗ ಟನ್ನಿನ ಚರ ವೆಚ್ಚ ರೂ. 1,960ರಿಂದ ರೂ. 2,360ಕ್ಕೆ ಏರುತ್ತದೆ, ಸ್ಥಿರ ವೆಚ್ಚ ರೂ. 50,400ರಿಂದ ರೂ. 30,400ಕ್ಕೆ ಕುಸಿಯುತ್ತದೆ. ಈ ಲೆಕ್ಕವನ್ನು ನಂಬಿ ದರಪಟ್ಟಿ ಕೊಟ್ಟವನು ದೊಡ್ಡ ಆದೇಶವನ್ನು ವಿನಾಕಾರಣ ಕಳೆದುಕೊಂಡಾನು.

ಇದರಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಯಾವ ತಿಂಗಳು ರೇಖೆಯಿಂದ ಹೆಚ್ಚು ದೂರವಿದೆ ಎಂದು ನೋಡಿದರೆ ತಪ್ಪು ಬಿಲ್ಲಿನ ತಿಂಗಳು ರೂ. 8,800 ಮೇಲಿದ್ದರೆ, ಯಾವ ದೋಷವೂ ಇಲ್ಲದ 70 ಟನ್ನಿನ ತಿಂಗಳು ರೂ. 9,600 ಕೆಳಗಿರುತ್ತದೆ. ವ್ಯತ್ಯಾಸಗಳನ್ನು ವರ್ಗ ಮಾಡುವುದರಿಂದ ದೊಡ್ಡ ತಪ್ಪು ರೇಖೆಯನ್ನೇ ತನ್ನೆಡೆಗೆ ಎಳೆದುಕೊಂಡು, ಸಂಶಯವನ್ನು ಪಕ್ಕದವನ ಮೇಲೆ ಹಾಕುತ್ತದೆ. ಲೆಕ್ಕಪರಿಶೋಧನೆಯಲ್ಲಿ ಪಳಗಿದವರಿಗೆ ಇಂಥ ಅನುಭವ ಪರಿಚಿತವೇ. ಸೈಪೈನ 'ಲೀಸ್ಟ್ ಸ್ಕ್ವೇರ್ಸ್' ಆದೇಶದಲ್ಲಿಯೂ ಆರ್‌ನಲ್ಲಿಯೂ ದೊಡ್ಡ ವ್ಯತ್ಯಾಸಗಳ ಪ್ರಭಾವವನ್ನು ತಗ್ಗಿಸುವ ಆಯ್ಕೆಗಳಿವೆ. ಅವುಗಳಿಂದ ಸಂಶಯದ ಬೆರಳು ಸರಿಯಾದ ಕಡೆಗೆ ತಿರುಗಬಹುದು. ಬಾಕಿ ಸೇರಿದೆ ಎಂಬುದನ್ನು ತಿಳಿಯಲು ಬಿಲ್ಲನ್ನೇ ತೆಗೆದು ನೋಡಬೇಕು.

ಆದ್ದರಿಂದಲೇ ಲೆಕ್ಕದ ಹೆಜ್ಜೆಗಳು ಕಾಣುವಂತಿರಬೇಕಾದುದು ಮುಖ್ಯ. 2010ರಲ್ಲಿ ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೋಗಾಫ್, ಸಾರ್ವಜನಿಕ ಸಾಲ ಒಟ್ಟು ದೇಶೀಯ ಉತ್ಪನ್ನದ ನೂರಕ್ಕೆ 90ನ್ನು ಮೀರಿದ ದೇಶಗಳ ಸರಾಸರಿ ಬೆಳವಣಿಗೆ ಸೊನ್ನೆಗಿಂತಲೂ ಕೆಳಗೆ, ಅಂದರೆ ಋಣ 0.1 ಎಂದು ತೋರಿಸಿದ್ದರು. ಅನೇಕ ಸರ್ಕಾರಗಳ ಮಿತವ್ಯಯ ನೀತಿಗೆ ಇದು ಆಧಾರವಾಗಿ ಉಲ್ಲೇಖಗೊಂಡಿತು. 2013ರಲ್ಲಿ ಮೆಸಾಚುಸೆಟ್ಸ್ ವಿಶ್ವವಿದ್ಯಾನಿಲಯದ ಥಾಮಸ್ ಹರ್ಂಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ಕಡತವನ್ನು ತರಿಸಿಕೊಂಡು ನೋಡಿದಾಗ, ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. ಈ ತಪ್ಪನ್ನೂ, ಅಂಕಿಗಳ ಆಯ್ಕೆ ಹಾಗೂ ತೂಕ ನೀಡಿಕೆಯನ್ನೂ ಸರಿಪಡಿಸಿದರೆ ಬೆಳವಣಿಗೆ 2.2 ಎಂದು ಅವನೂ ಅವನ ಇಬ್ಬರು ಅಧ್ಯಾಪಕರೂ ತೋರಿಸಿಕೊಟ್ಟರು. ಚೌಕಗಳೊಳಗೆ ಅಡಗಿದ ಸೂತ್ರಕ್ಕಿಂತ, ಸಾಲಾಗಿ ಬರೆದಿಟ್ಟ ಆದೇಶಗಳ ಕಡತವನ್ನು ಪರಿಶೀಲಿಸುವುದು ಸುಲಭ. ಆರ್ ಅಥವಾ ಪೈಥಾನ್ ಕಡತವೊಂದನ್ನು ಎರಡು ವರ್ಷಗಳ ನಂತರ ಇನ್ನೊಬ್ಬರು ತೆರೆದು, ಅದೇ ಅಂಕಿಗಳ ಮೇಲೆ ನಡೆಸಿ, ಅದೇ ಉತ್ತರ ಬರುತ್ತದೆಯೇ ಎಂದು ನೋಡಬಹುದು. ಬಳಸಿದ ಆವೃತ್ತಿಯ ಸಂಖ್ಯೆಯನ್ನು ಬರೆದಿಟ್ಟಿರಬೇಕು, ಅಷ್ಟೆ.

ಉಚಿತವಾದುದನ್ನು ನಂಬಬಹುದೆ?

ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಇದನ್ನು ಪರೀಕ್ಷಿಸಲು ಒರೆಗಲ್ಲೊಂದಿದೆ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯಾದ ನಿಸ್ಟ್, ಇಂಥ ತಂತ್ರಾಂಶಗಳನ್ನು ಪರೀಕ್ಷಿಸುವುದಕ್ಕೆಂದೇ ಅಂಕಿ ಸಮೂಹಗಳನ್ನು ಸಿದ್ಧಪಡಿಸಿ ಪ್ರಕಟಿಸಿದೆ. ವಕ್ರರೇಖೆಯ ವಿಭಾಗದಲ್ಲಿಯೇ 27 ಸಮೂಹಗಳಿದ್ದು, ಪ್ರತಿಯೊಂದಕ್ಕೂ 11 ಅಂಕಿಗಳವರೆಗೆ ಪ್ರಮಾಣೀಕರಿಸಿದ ಉತ್ತರವಿದೆ. 'ಮಿಶ್ರ 1ಎ' ಎಂಬುದು ಅವುಗಳಲ್ಲಿ ಸುಲಭವಾದದ್ದು; ದಂತ ಸಂಶೋಧನೆಯ 14 ಅಳತೆಗಳು, ಎರಡು ಸ್ಥಿರಾಂಕಗಳು. ಮೊದಲನೆಯ ಸ್ಥಿರಾಂಕದ ಪ್ರಮಾಣಿತ ಬೆಲೆ 238.94212918. ಹೊರಡುವ ಅಂದಾಜು 500 ಎಂದು ಕೊಟ್ಟರೂ 250 ಎಂದು ಕೊಟ್ಟರೂ ತಂತ್ರಾಂಶ ಇಲ್ಲಿಗೇ ತಲುಪಬೇಕು. ಯಾರು ಬೇಕಾದರೂ ತಮ್ಮ ಗಣಕದಲ್ಲಿ ಹತ್ತು ನಿಮಿಷದಲ್ಲಿ ಇದನ್ನು ಮಾಡಿ ನೋಡಬಹುದು.

ಹಣ ಕೊಟ್ಟು ಕೊಂಡದ್ದೆಲ್ಲ ಇಂಥ ಪರೀಕ್ಷೆಯಲ್ಲಿ ಗೆದ್ದಿದೆ ಎಂದೇನೂ ಇಲ್ಲ. ಮೆಕ್‌ಕಲ್ಲೋ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1999ರಲ್ಲಿ ಎಕ್ಸೆಲ್ 97 ಆವೃತ್ತಿಯನ್ನು ಇದೇ ಅಂಕಿಗಳಿಂದ ಪರೀಕ್ಷಿಸಿ, ಸಂಖ್ಯಾಶಾಸ್ತ್ರೀಯ ಕೆಲಸಕ್ಕೆ ಅದು ಸಾಲದೆಂಬ ತೀರ್ಮಾನಕ್ಕೆ ಬಂದರು. 2003ರ ಆವೃತ್ತಿಯಲ್ಲಿ ನೇರ ರೇಖೆಯ ಲೆಕ್ಕವನ್ನು ತಯಾರಕರು ಸುಧಾರಿಸಿದರು. ನೇರ ರೇಖೆಯ ದೈನಂದಿನ ಕೆಲಸಕ್ಕೆ ಎಕ್ಸೆಲ್ ಬಳಸುವುದರಲ್ಲಿ ತಪ್ಪೇನಿಲ್ಲ.

ಪರೀಕ್ಷಾ ಪ್ರಯೋಗಾಲಯ ನಡೆಸುವವರಿಗೆ ಇದು ಇನ್ನೂ ಮುಖ್ಯ. ಎನ್‌ಎಬಿಎಲ್ ಮಾನ್ಯತೆಗೆ ಆಧಾರವಾದ ಐಎಸ್‌ಒ/ಐಇಸಿ 17025ರ 2017ರ ಆವೃತ್ತಿಯ 7.11ನೆಯ ಖಂಡವು, ಮಾಹಿತಿ ನಿರ್ವಹಿಸುವ ವ್ಯವಸ್ಥೆಯನ್ನು ಬಳಕೆಗೆ ತರುವ ಮುನ್ನ ಅದು ಸರಿಯಾಗಿ ಕೆಲಸ ಮಾಡುವುದೆಂದು ದೃಢಪಡಿಸಿಕೊಳ್ಳಬೇಕೆಂದೂ, ಲೆಕ್ಕಾಚಾರಗಳನ್ನು ಕ್ರಮಬದ್ಧವಾಗಿ ತಪಾಸಣೆ ಮಾಡಬೇಕೆಂದೂ ವಿಧಿಸುತ್ತದೆ. ಸಾಮಾನ್ಯ ಬಳಕೆಯ ವಾಣಿಜ್ಯ ತಂತ್ರಾಂಶವನ್ನು ಅದರ ಉದ್ದೇಶಿತ ವ್ಯಾಪ್ತಿಯಲ್ಲಿ ಬಳಸಿದರೆ ಸಾಕಷ್ಟು ದೃಢೀಕೃತವೆಂದು ಪರಿಗಣಿಸಬಹುದೆಂಬ ಟಿಪ್ಪಣಿಯೂ ಅಲ್ಲಿದೆ. ಮುಕ್ತ ತಂತ್ರಾಂಶದ ಮೇಲೆ ತಾವೇ ಆದೇಶ ಬರೆದುಕೊಂಡವರು ಈ ಟಿಪ್ಪಣಿಯನ್ನು ನೆಚ್ಚಬಾರದು. ನಿಸ್ಟ್ ಅಂಕಿಗಳ ಮೇಲೆ ನಡೆಸಿದ ಫಲಿತಾಂಶವನ್ನು ದಿನಾಂಕ, ಸಹಿ ಸಮೇತ ಕಡತದಲ್ಲಿ ಇಟ್ಟರೆ ತಪಾಸಣಾಧಿಕಾರಿಯ ಮುಂದೆ ಗಟ್ಟಿಯಾದ ದಾಖಲೆಯಾಗುತ್ತದೆ. ಔಷಧ ತಯಾರಕರು ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2015ರ ಮೇ ತಿಂಗಳಲ್ಲಿ ನೀಡಿದ ಸ್ಪಷ್ಟೀಕರಣದಲ್ಲಿ, ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆಗೆ ಇಂಥದೇ ತಂತ್ರಾಂಶ ಬೇಕೆಂದು ತಾನು ಕಡ್ಡಾಯ ಮಾಡುವುದಿಲ್ಲವೆಂದು ತಿಳಿಸಿದೆ.

ಹಡಗಲಿಯ ಕೊಡುಗೆ

ಉತ್ತರದ ಜೊತೆಗೆ ತಂತ್ರಾಂಶವು 'ಪ್ರಮಾಣ ದೋಷ' ಎಂಬ ಇನ್ನೊಂದು ಅಂಕಿಯನ್ನೂ ಕೊಡುತ್ತದೆ. ಸ್ಥಿರಾಂಕ 0.15, ಪ್ರಮಾಣ ದೋಷ 0.01 ಎಂದರೆ ಒಂದು ಅರ್ಥ, 0.15, ದೋಷ 0.08 ಎಂದರೆ ಅದನ್ನು ನಂಬಿ ಬಂಡವಾಳ ಹೂಡಲಾಗದು. ಇರುವ ಅಂಕಿಗಳಿಂದ ಎಷ್ಟು ನಿಖರತೆಯನ್ನು ಪಡೆಯಬಹುದು, ಅದಕ್ಕೆ ಮಿತಿ ಯಾವುದು ಎಂಬುದನ್ನು 1945ರಲ್ಲಿ, 25ರ ವಯಸ್ಸಿನಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದ ಸಿ. ಆರ್. ರಾವ್. ಸ್ವೀಡನ್ನಿನ ಕ್ರಾಮರ್ ಹೆಸರಿನೊಡನೆ ಸೇರಿ ಅದು 'ಕ್ರಾಮರ್–ರಾವ್ ಮಿತಿ' ಎಂದು ಪ್ರಸಿದ್ಧವಾಗಿದೆ. ರಾವ್ ಅವರು ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ಅಂದಿನ ಬಳ್ಳಾರಿ ಜಿಲ್ಲೆಯ, ಇಂದಿನ ವಿಜಯನಗರ ಜಿಲ್ಲೆಯ ಹೂವಿನ ಹಡಗಲಿಯಲ್ಲಿ. 2023ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಸಂದಿತು. ಅದೇ ವರ್ಷದ ಆಗಸ್ಟ್‌ನಲ್ಲಿ ನಿಧನರಾದರು. ಮಲ್ಲಿಗೆಗೆ ಹೆಸರಾದ ಊರು ಇದಕ್ಕೂ ಹೆಸರಾಗಬೇಕಿತ್ತು.

ಪ್ರಮಾಣ ದೋಷದ ವಿಷಯದಲ್ಲಿ ಹೊಸಬರು ಎಡವುವ ಸ್ಥಳವೊಂದಿದೆ. ಅಳೆಯುವ ಉಪಕರಣದ ದೋಷ ಎಷ್ಟೆಂದು ಗೊತ್ತಿದ್ದು ಅದನ್ನು ನಮೂದಿಸಿದರೂ, ಸೈಪೈನ 'ಕರ್ವ್ ಫಿಟ್' ತಾನಾಗಿಯೇ ಅದನ್ನು ಕೇವಲ ಪರಸ್ಪರ ತೂಕವೆಂದು ಭಾವಿಸಿ, ಅಂಕಿಗಳ ಚದುರುವಿಕೆಗೆ ತಕ್ಕಂತೆ ದೋಷವನ್ನು ಹಿಗ್ಗಿಸಿ ಅಥವಾ ಕುಗ್ಗಿಸಿ ಹೇಳುತ್ತದೆ. ನಮೂದಿಸಿದ ದೋಷವನ್ನೇ ನೈಜವೆಂದು ತೆಗೆದುಕೊಳ್ಳಬೇಕಾದರೆ ಹಾಗೆಂದು ಪ್ರತ್ಯೇಕವಾಗಿ ಆದೇಶಿಸಬೇಕು.

ಕಾನೂನು ಮತ್ತು ಖರ್ಚು

ಅನೇಕ ಸಣ್ಣ ಘಟಕಗಳಲ್ಲಿ ದುಬಾರಿ ತಂತ್ರಾಂಶಗಳ ಕಳ್ಳ ಪ್ರತಿಗಳಿರುವುದು ಗುಟ್ಟಿನ ಸಂಗತಿಯಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಪ್ರಕರಣದಂತೆ, ಉಲ್ಲಂಘನೆಯ ಪ್ರತಿಯೆಂದು ತಿಳಿದೂ ಅದನ್ನು ಗಣಕದಲ್ಲಿ ಬಳಸಿದವರಿಗೆ 7 ದಿನಗಳಿಗೆ ಕಡಿಮೆಯಿಲ್ಲದಂತೆ 3 ವರ್ಷಗಳವರೆಗೆ ಸೆರೆವಾಸವನ್ನೂ, ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡವನ್ನೂ ವಿಧಿಸಲು ಅವಕಾಶವಿದೆ. ವ್ಯಾಪಾರದ ಲಾಭಕ್ಕಾಗಿ ಬಳಸಿದ್ದಲ್ಲವೆಂದಾದರೆ ನ್ಯಾಯಾಲಯ ಸೆರೆವಾಸವನ್ನು ಕೈಬಿಡಬಹುದು. ಕಾರ್ಖಾನೆಗೆ ಈ ವಿನಾಯಿತಿ ಸಿಗುವುದು ಕಷ್ಟ. ಹಣ ಕೊಟ್ಟು ವಿದೇಶಿ ತಂತ್ರಾಂಶ ತರಿಸುವವರಿಗೆ 2021ರ ಮಾರ್ಚ್ 2ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ನೆಮ್ಮದಿ ದೊರೆತಿದೆ. ಬಳಕೆದಾರ ಕೊಡುವ ಬೆಲೆಯು ದ್ವಿತೆರಿಗೆ ನಿವಾರಣಾ ಒಪ್ಪಂದಗಳ ಅರ್ಥದಲ್ಲಿ ರಾಯಧನವಲ್ಲವಾದ್ದರಿಂದ ಮೂಲದಲ್ಲಿ ತೆರಿಗೆ ಕಡಿತ ಬೇಕಿಲ್ಲವೆಂದು ಅಲ್ಲಿ ತೀರ್ಮಾನವಾಯಿತು.

ಮುಕ್ತ ತಂತ್ರಾಂಶಕ್ಕೂ ಷರತ್ತುಗಳಿವೆ. ಆರ್ ಇರುವುದು ಜಿಪಿಎಲ್ ಪರವಾನಗಿಯಲ್ಲಿ. ಸೈಪೈ ಮತ್ತು ಎಲ್‌ಎಂಫಿಟ್ ಬಿಎಸ್‌ಡಿ ಎಂಬ ಸಡಿಲವಾದ ಪರವಾನಗಿಯಲ್ಲಿ. ತನ್ನ ಕಾರ್ಖಾನೆಯೊಳಗಿನ ಬಳಕೆಗೆ ಎರಡರಲ್ಲೂ ಯಾವ ಅಡ್ಡಿಯೂ ಇಲ್ಲ. ಆದರೆ ತೇವಮಾಪಕ ಯಂತ್ರವೊಂದನ್ನು ತಯಾರಿಸಿ, ಅದರೊಳಗೆ ಜಿಪಿಎಲ್ ತಂತ್ರಾಂಶವನ್ನು ತಿದ್ದಿ ಸೇರಿಸಿ ಮಾರುವವರು, ಕೊಂಡವರಿಗೆ ಮೂಲ ಆದೇಶಗಳನ್ನೂ ಒದಗಿಸಬೇಕಾಗುತ್ತದೆ. ಬಿಎಸ್‌ಡಿಯಲ್ಲಿ ಕೃತಿಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡರೆ ಸಾಕು. ಯಾವುದರಲ್ಲಿಯೂ ಖಾತರಿ ಎಂಬುದಿಲ್ಲ. ನಷ್ಟವಾದರೆ ದಾವೆ ಹೂಡಲು ಎದುರುದಾರನಿರುವುದಿಲ್ಲ.

ನಿಜವಾದ ಖರ್ಚು ಕಲಿಕೆಯದು. ಗುಂಡಿ ಒತ್ತಿ ಅಭ್ಯಾಸವಾದ ಸಿಬ್ಬಂದಿಗೆ ಆದೇಶ ಬರೆಯುವುದು ಮೊದಮೊದಲು ಕಿರಿಕಿರಿಯೆನಿಸುತ್ತದೆ. ಕಲಿತವನು ಕೆಲಸ ಬಿಟ್ಟರೆ ಮತ್ತೆ ಮೊದಲಿನಿಂದ ಆರಂಭ. ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯು ಕೇಂದ್ರ ಶಿಕ್ಷಣ ಸಚಿವಾಲಯದ ನೆರವಿನಿಂದ ರೂಪಿಸಿದ 'ಫಾಸ್ಸೀ' ಮತ್ತು 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಗಳು ಮುಕ್ತ ತಂತ್ರಾಂಶಗಳ ಪಾಠಗಳನ್ನು ಉಚಿತವಾಗಿ ಒದಗಿಸುತ್ತಿದ್ದು, ಕೆಲವು ಪಾಠಗಳು ಕನ್ನಡದಲ್ಲಿಯೂ ಇವೆ. ಹತ್ತಿರದ ತಾಂತ್ರಿಕ ಕಾಲೇಜಿನ ವಿದ್ಯಾರ್ಥಿಯೊಬ್ಬನಿಗೆ ಎರಡು ತಿಂಗಳ ತರಬೇತಿ ಭತ್ಯೆ ಕೊಟ್ಟು, ಘಟಕದ ಹಳೆಯ ಅಳತೆ ಪುಸ್ತಕಗಳನ್ನು ಅವನ ಕೈಗಿಡುವುದು ಅಗ್ಗದ ಆರಂಭ. ಬಹುತೇಕ ಘಟಕಗಳಲ್ಲಿ ಅಂಥ ಪುಸ್ತಕಗಳು ಇದ್ದೇ ಇರುತ್ತವೆ, ಬರೆದಿಟ್ಟ ನಂತರ ಯಾರೂ ತೆರೆದಿರುವುದಿಲ್ಲ.